ಆಟಕ್ಕೂ ಒಂದು ಋತು ಬೇಕು

(ಸಂಘದ ವಾರ್ಷಿಕ ಸಭೆಯಲ್ಲಿ ಮಾಡಿದ ಭಾಷಣದ ಬರಹ ರೂಪ)





ಶಿಕ್ಷಣ ಸಂಘದ ಸಭೆ ಎಂದರೆ ಅಲ್ಲಿ ಎಸ್ಸೆಸ್ಸೆಲ್ಸಿ ಫಲಿತಾಂಶದ ಮಾತು, ವಿದ್ಯಾರ್ಥಿವೇತನದ ಮಾತು, ಸಿ.ಇ.ಟಿ. ತರಬೇತಿಯ ಮಾತು ಬರುವುದು ವಾಡಿಕೆ. ಆ ಮಾತುಗಳು ಬೇಕು. ಒಂದು ಕಾಲದಲ್ಲಿ ನಮ್ಮ ಮನೆಗಳಿಂದ ಹೈಸ್ಕೂಲು ಮುಗಿಸುವ ಮಕ್ಕಳೇ ಕಡಿಮೆ ಇದ್ದರು ಎಂಬುದನ್ನು ಇಲ್ಲಿ ಕುಳಿತಿರುವ ಹಿರಿಯರು ಬಲ್ಲರು. ಆದರೆ ಇವತ್ತು ನನಗೆ ಕೊಟ್ಟಿರುವ ವಿಷಯ ಹೈಸ್ಕೂಲಿನ ಆಟೋಟ. ಅದನ್ನು ಫಲಿತಾಂಶದ ಮಾತಿನಷ್ಟೇ ಗಂಭೀರವಾಗಿ ಕೇಳಬೇಕೆಂದು ಮೊದಲೇ ಬೇಡಿಕೊಳ್ಳುತ್ತೇನೆ.

ನಿಮ್ಮ ನಿಮ್ಮ ಶಾಲೆಯ ವೇಳಾಪಟ್ಟಿಯನ್ನು ಒಮ್ಮೆ ನೆನಪಿಗೆ ತಂದುಕೊಳ್ಳಿ. ಪಿ.ಟಿ. ಪೀರಿಯಡ್ ಎಲ್ಲಿದೆ? ಹೆಚ್ಚಿನ ಕಡೆ ದಿನದ ಕೊನೆಯಲ್ಲಿರುತ್ತದೆ. ಡಿಸೆಂಬರ್ ಬಂತೆಂದರೆ ಪಾಠ ಮುಗಿದಿಲ್ಲವೆಂದು ಗಣಿತದವರೋ ವಿಜ್ಞಾನದವರೋ ಅದನ್ನು ಕೇಳಿ ಪಡೆಯುತ್ತಾರೆ. ಹತ್ತನೇ ತರಗತಿಯವರಿಗಂತೂ ಆ ಪೀರಿಯಡ್ ಕಾಗದದ ಮೇಲೆ ಮಾತ್ರ. ಇಲಾಖೆಯ ಕ್ರೀಡಾಕೂಟದ ಸುತ್ತೋಲೆ ಬಂದಾಗ ಅವಸರದಲ್ಲಿ ತಂಡ ಕಟ್ಟುತ್ತೇವೆ. ಎತ್ತರದ ಹುಡುಗರು ನಾಲ್ಕು ಜನ, ಊರಿನ ಕ್ಲಬ್ಬಿನಲ್ಲಿ ಆಡುವವರು ಇಬ್ಬರು, ಲೆಕ್ಕ ತುಂಬಲು ಇನ್ನಿಬ್ಬರು. ತಾಲೂಕು ಮಟ್ಟದಲ್ಲಿ ಸೋತು ಬಂದ ಮೇಲೆ ನಮ್ಮ ಮಕ್ಕಳಿಗೆ ಕ್ರೀಡೆಯಲ್ಲಿ ಆಸಕ್ತಿಯೇ ಇಲ್ಲ ಎನ್ನುತ್ತೇವೆ. ಆಸಕ್ತಿ ಬೆಳೆಯಲು ನಾವು ಯಾವ ಸಮಯ ಕೊಟ್ಟಿದ್ದೆವು ಎಂದು ಕೇಳಿಕೊಳ್ಳುವುದಿಲ್ಲ. ಈ ಸಮಯದ ಬಗ್ಗೆಯೇ ನನ್ನ ಮಾತು.

ಒಂದು ಶಾಲೆಯ ಉದಾಹರಣೆ ಕೊಡುತ್ತೇನೆ. ಅದು ಬಹಳ ದೂರದ್ದು. ಅಮೆರಿಕದ ಮಿಶಿಗನ್ ರಾಜ್ಯದಲ್ಲಿ ಡೆಟ್ರಾಯಿಟ್ ನಗರಕ್ಕೆ ತಾಗಿಕೊಂಡು ಡಿಯರ್‌ಬಾರ್ನ್ ಎಂಬ ಊರಿದೆ. ಫೋರ್ಡ್ ಮೋಟಾರ್ ಕಂಪೆನಿಯ ಊರು. ಅಲ್ಲಿನ ಕಾರ್ಖಾನೆಯ ಕೆಲಸಕ್ಕಾಗಿ ಲೆಬನಾನ್, ಯಮನ್ ಮೊದಲಾದ ನಾಡುಗಳಿಂದ ಜನ ಬಂದು ನೆಲೆಸಿದರು. ಊರು ಬಿಟ್ಟು ದುಡಿಯಲು ಹೋದವರ ಕಥೆ ನಮ್ಮ ಕರಾವಳಿಯವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಆ ಊರಿನಲ್ಲಿ 1928ರಲ್ಲಿ ಕಟ್ಟಿದ ಫೋರ್ಡ್‌ಸನ್ ಹೈಸ್ಕೂಲ್ ಎಂಬ ಸರಕಾರಿ ಶಾಲೆ ಇದೆ. ಅದರ ತಂಡಗಳ ಹೆಸರು ‘ಟ್ರ್ಯಾಕ್ಟರ್ಸ್’. ಫೋರ್ಡ್‌ಸನ್ ಎಂಬುದು ಹೆನ್ರಿ ಫೋರ್ಡ್ ತಯಾರಿಸಿದ ಟ್ರ್ಯಾಕ್ಟರಿನ ಹೆಸರೂ ಹೌದು. ಶಾಲೆಯ ಮಕ್ಕಳಲ್ಲಿ ಬಹುಪಾಲು ಅರಬ್ ಮೂಲದವರು, ಅವರಲ್ಲಿ ಹೆಚ್ಚಿನವರು ಮುಸ್ಲಿಮರು.

ಅಲ್ಲಿನ ಹೈಸ್ಕೂಲು ಕ್ರೀಡೆ ಹೇಗೆ ನಡೆಯುತ್ತದೆ ಎಂಬುದನ್ನು ವಿದ್ಯಾರ್ಥಿಗಳಿಗಾಗಿ ಸ್ವಲ್ಪ ವಿವರಿಸುತ್ತೇನೆ. ಶಾಲಾ ವರ್ಷವನ್ನು ಮೂರು ಕ್ರೀಡಾ ಋತುಗಳಾಗಿ ಹಂಚಿರುತ್ತಾರೆ. ಆಗಸ್ಟಿನಿಂದ ನವೆಂಬರ್ ವರೆಗೆ ಒಂದು, ಚಳಿಗಾಲದಲ್ಲಿ ಮಾರ್ಚ್ ವರೆಗೆ ಇನ್ನೊಂದು, ಅಲ್ಲಿಂದ ಜೂನ್ ವರೆಗೆ ಮೂರನೆಯದು. ಮೊದಲ ಋತುವಿನಲ್ಲಿ ಅಮೆರಿಕನ್ ಫುಟ್‌ಬಾಲ್, ದೂರದ ಓಟ ಇತ್ಯಾದಿ. ಚಳಿಗಾಲದಲ್ಲಿ ಒಳಾಂಗಣದ ಬಾಸ್ಕೆಟ್‌ಬಾಲ್, ಕುಸ್ತಿ. ವಸಂತದಲ್ಲಿ ಬೇಸ್‌ಬಾಲ್, ಟ್ರ್ಯಾಕ್ ಓಟಗಳು. ಒಂದು ಆಟದ ಋತು ಮುಗಿದರೆ ಆ ಮಗು ಮುಂದಿನ ಋತುವಿನಲ್ಲಿ ಬೇರೆ ಆಟಕ್ಕೆ ಸೇರಬಹುದು.

ಇನ್ನೊಂದು ಏರ್ಪಾಡು ಗಮನಿಸಿ. ದೊಡ್ಡ ಶಾಲೆಗಳಲ್ಲಿ ಒಂದು ಆಟಕ್ಕೆ ಒಂದೇ ತಂಡ ಇರುವುದಿಲ್ಲ. ಮುಖ್ಯ ತಂಡ, ಅದರ ಕೆಳಗೆ ಕಿರಿಯರ ತಂಡ, ಕೆಲವು ಕಡೆ ಒಂಬತ್ತನೇ ತರಗತಿಯವರದೇ ಬೇರೆ ತಂಡ. ಹದಿನಾಲ್ಕು ವರ್ಷದ ಹುಡುಗನಿಗೆ ಮುಖ್ಯ ತಂಡದಲ್ಲಿ ಜಾಗ ಸಿಗದಿದ್ದರೆ ಅವನು ಬೆಂಚಿನ ಮೇಲೆ ಕುಳಿತು ಚಪ್ಪಾಳೆ ತಟ್ಟಬೇಕಾಗಿಲ್ಲ. ಕಿರಿಯರ ತಂಡದಲ್ಲಿ ನಿಜವಾದ ಪಂದ್ಯಗಳನ್ನಾಡಿ ಎರಡು ವರ್ಷದಲ್ಲಿ ಮೇಲೆ ಬರುತ್ತಾನೆ. ಪಾಠ ಬಿಟ್ಟು ಆಡುವಂತೆಯೂ ಇಲ್ಲ. ಹಿಂದಿನ ಸೆಮಿಸ್ಟರಿನ ಪೂರ್ಣ ಪಾಠಭಾರದಲ್ಲಿ ಶೇ. 66ರಷ್ಟಾದರೂ ಪಾಸಾಗದವನು ಪಂದ್ಯಕ್ಕೆ ಇಳಿಯುವಂತಿಲ್ಲ ಎಂಬುದು ಮಿಶಿಗನ್ ಶಾಲಾ ಕ್ರೀಡಾ ಸಂಸ್ಥೆಯ ನಿಯಮ. ಆಡುವ ಆಸೆಯಿಂದಾದರೂ ಓದುವ ಹುಡುಗರು ಎಲ್ಲ ಊರಿನಲ್ಲೂ ಇರುತ್ತಾರಲ್ಲವೇ?

ಈಗ ಫೋರ್ಡ್‌ಸನ್ ಶಾಲೆಯ ಕಥೆಗೆ ಬರೋಣ. ಅಮೆರಿಕನ್ ಫುಟ್‌ಬಾಲ್ ನಾವು ಆಡುವ ಫುಟ್‌ಬಾಲ್ ಅಲ್ಲ. ಚೆಂಡನ್ನು ಕೈಯಲ್ಲಿ ಹಿಡಿದು ಓಡುವ, ಹೆಲ್ಮೆಟ್ ಮತ್ತು ಭಾರದ ಕವಚ ತೊಟ್ಟು ಡಿಕ್ಕಿ ಹೊಡೆಯುವ ಕಠಿಣ ಆಟ. ಆಗಸ್ಟಿನ ಸೆಕೆಯಲ್ಲಿ ಅದರ ಪೂರ್ವಸಿದ್ಧತೆ ನಡೆಯುತ್ತದೆ. 2010ರಲ್ಲಿ ರಮಝಾನ್ ತಿಂಗಳು ಆಗಸ್ಟ್ 11ರ ಹೊತ್ತಿಗೆ ಆರಂಭವಾಯಿತು. ಅಂದರೆ ವರ್ಷದ ಅತಿ ಕಷ್ಟದ ತರಬೇತಿಯೂ ಉಪವಾಸವೂ ಒಂದೇ ವಾರದಲ್ಲಿ ಬಂದವು. ಬೇಸಿಗೆಯ ದೀರ್ಘ ಹಗಲು, ನೀರು ಕುಡಿಯುವಂತಿಲ್ಲ.

ತರಬೇತುದಾರ ಫವಾದ್ ಝಬಾನ್ ಅದೇ ಸಮುದಾಯದವರು. ಅವರ ಮುಂದೆ ಎರಡು ಸುಲಭದ ದಾರಿಗಳಿದ್ದವು. ಆಡಬೇಕಾದರೆ ಉಪವಾಸ ಬಿಡಿ ಎನ್ನಬಹುದಿತ್ತು. ಉಪವಾಸ ಇರುವವರು ಮನೆಯಲ್ಲಿರಿ ಎನ್ನಬಹುದಿತ್ತು. ಅವರು ಎರಡನ್ನೂ ಬಿಟ್ಟು ಗಡಿಯಾರವನ್ನು ಬದಲಾಯಿಸಿದರು. ತರಬೇತಿಯನ್ನು ರಾತ್ರಿ 11 ಗಂಟೆಯಿಂದ ಬೆಳಗಿನ ಜಾವ 4 ಗಂಟೆಯವರೆಗೆ ಇಟ್ಟರು. ಮಕ್ಕಳು ಇಫ್ತಾರ್ ಮಾಡಿ ಮೈದಾನಕ್ಕೆ ಬಂದರು. ದೀಪದ ಬೆಳಕಿನಲ್ಲಿ, ತಂಪಿನಲ್ಲಿ, ಬೇಕಾದಷ್ಟು ನೀರು ಕುಡಿಯುತ್ತಾ ಅಭ್ಯಾಸ ಮಾಡಿ ಸಹ್ರಿಯ ಹೊತ್ತಿಗೆ ಮುಗಿಸಿದರು. ಇದಕ್ಕೆ ಶಾಲೆಯ ಆಡಳಿತದ ಒಪ್ಪಿಗೆ ಬೇಕಿತ್ತು, ಮಕ್ಕಳನ್ನು ಮಧ್ಯರಾತ್ರಿ ಕಳುಹಿಸುವ ತಂದೆ ತಾಯಂದಿರ ನಂಬಿಕೆ ಬೇಕಿತ್ತು, ರಾತ್ರಿ ದೀಪ ಉರಿಸುವ ಮೈದಾನದ ಅಕ್ಕಪಕ್ಕದವರ ಸಹನೆಯೂ ಬೇಕಿತ್ತು. ಇದೇ ತಂಡದ ರಮಝಾನ್ ದಿನಗಳ ಬಗ್ಗೆ ರಶೀದ್ ಗಾಝಿ ಎಂಬುವರು ‘ಫೋರ್ಡ್‌ಸನ್: ಫೇಯ್ತ್, ಫಾಸ್ಟಿಂಗ್, ಫುಟ್‌ಬಾಲ್’ ಎಂಬ ಸಾಕ್ಷ್ಯಚಿತ್ರ ಮಾಡಿದರು. ಅದು 2011ರಲ್ಲಿ ಬಿಡುಗಡೆಯಾಯಿತು.

ಆ ತಂಡ ಎಷ್ಟು ಪಂದ್ಯ ಗೆದ್ದಿತು ಎಂಬುದು ಇಲ್ಲಿ ಮುಖ್ಯವಲ್ಲ. ದೀನ್ ಮತ್ತು ಆಟ ಎರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಭಾರವನ್ನು ದೊಡ್ಡವರು ಮಕ್ಕಳ ತಲೆಯ ಮೇಲೆ ಹಾಕಲಿಲ್ಲ. ಅದನ್ನು ತಾವು ಹೊತ್ತು ವೇಳಾಪಟ್ಟಿಯಲ್ಲಿ ಪರಿಹಾರ ಹುಡುಕಿದರು. ನಾವು ಅಲ್ಲಿಂದ ಕಲಿಯಬೇಕಾದದ್ದು ಇದನ್ನು.

ಉಪವಾಸ ಇದ್ದರೆ ಆಟ ಆಗುವುದಿಲ್ಲ ಎಂದು ಯಾರಾದರೂ ಹೇಳಿದರೆ ಹಕೀಮ್ ಒಲಾಜುವಾನ್ ಅವರನ್ನು ನೆನೆಯಿರಿ. ನೈಜೀರಿಯಾದ ಲಾಗೋಸ್‌ನವರು. ಅವರು ಹೈಸ್ಕೂಲು ಓದಿದ್ದು ಮುಸ್ಲಿಂ ಟೀಚರ್ಸ್ ಕಾಲೇಜಿನಲ್ಲಿ, ಅಂದರೆ ನಮ್ಮಂಥದೇ ಒಂದು ಸಂಸ್ಥೆಯಲ್ಲಿ. ಅಲ್ಲಿ ಹ್ಯಾಂಡ್‌ಬಾಲ್ ಮತ್ತು ಫುಟ್‌ಬಾಲ್ ಆಡುತ್ತಿದ್ದ ಈ ಎತ್ತರದ ಹುಡುಗ ಬಾಸ್ಕೆಟ್‌ಬಾಲ್ ಹಿಡಿದದ್ದು ಹದಿನೈದರ ಆಸುಪಾಸಿನ ವಯಸ್ಸಿನಲ್ಲಿ. ಮುಂದೆ ಅಮೆರಿಕದ ವೃತ್ತಿಪರ ಲೀಗಿನಲ್ಲಿ 1994 ಮತ್ತು 1995ರಲ್ಲಿ ಹ್ಯೂಸ್ಟನ್ ತಂಡಕ್ಕೆ ಪ್ರಶಸ್ತಿ ತಂದುಕೊಟ್ಟರು. 1995ರ ಫೆಬ್ರವರಿಯಲ್ಲಿ ರಮಝಾನ್ ಉಪವಾಸ ಹಿಡಿದೇ ಆಡಿ ಆ ತಿಂಗಳ ಶ್ರೇಷ್ಠ ಆಟಗಾರ ಎನಿಸಿಕೊಂಡರು. ಆ ಶಾಲೆಯಲ್ಲಿ ಹ್ಯಾಂಡ್‌ಬಾಲ್ ತಂಡವೇ ಇಲ್ಲದಿದ್ದರೆ ಅವರು ಮೈದಾನಕ್ಕೆ ಬರುತ್ತಿದ್ದರೇ ಎಂಬುದನ್ನು ಶಾಲೆ ನಡೆಸುವವರು ಯೋಚಿಸಬೇಕು.

ಇಷ್ಟು ಹೊತ್ತು ಗಂಡು ಮಕ್ಕಳ ಮಾತಾಯಿತು. ಋತುವಿನ ಪ್ರಶ್ನೆ ಹೆಣ್ಣು ಮಕ್ಕಳ ಮಟ್ಟಿಗೆ ಇನ್ನೂ ದೊಡ್ಡದು. ಅದಕ್ಕೂ ಅದೇ ಮಿಶಿಗನ್ ರಾಜ್ಯದಲ್ಲಿ ಒಂದು ಪಾಠವಿದೆ.

ಅಲ್ಲಿ ಬಹಳ ಕಾಲ ಹುಡುಗರ ಬಾಸ್ಕೆಟ್‌ಬಾಲ್ ಚಳಿಗಾಲದಲ್ಲೂ, ಹುಡುಗಿಯರದು ಅದಕ್ಕೆ ಮುಂಚಿನ ಋತುವಿನಲ್ಲೂ ನಡೆಯುತ್ತಿತ್ತು. ಹುಡುಗಿಯರ ವಾಲಿಬಾಲ್‌ ಕೂಡ ದೇಶದ ಹೆಚ್ಚಿನ ರಾಜ್ಯಗಳಲ್ಲಿ ಇರುವ ಕಾಲಕ್ಕೆ ಇರಲಿಲ್ಲ. ಮೇಲ್ನೋಟಕ್ಕೆ ಇದರಲ್ಲಿ ಅನ್ಯಾಯವೇನೂ ಕಾಣುವುದಿಲ್ಲ. ಹುಡುಗಿಯರಿಗೂ ತಂಡವಿದೆ, ಪಂದ್ಯವಿದೆ. ಒಂದೇ ಅಂಕಣ, ಅದೇ ತರಬೇತುದಾರರು, ಹಾಗಾಗಿ ಬೇರೆ ಬೇರೆ ಕಾಲದಲ್ಲಿ ಆಡಿಸಿದರೆ ಹೆಚ್ಚು ಮಕ್ಕಳಿಗೆ ಅವಕಾಶ ಎಂದು ಕ್ರೀಡಾ ಸಂಸ್ಥೆ ವಾದಿಸಿತು. ಪೋಷಕರು ಕೇಳಿದ ಪ್ರಶ್ನೆ ಇದು: ಅನುಕೂಲಕ್ಕಾಗಿ ಯಾರಾದರೂ ಜಾಗ ಬಿಡಬೇಕಾದರೆ ಪ್ರತಿಸಲ ಹುಡುಗಿಯರೇ ಯಾಕೆ ಬಿಡಬೇಕು? ಕಾಲ ತಪ್ಪಿ ಆಡಿದರೆ ಕಾಲೇಜು ತಂಡಗಳಿಗೆ ಆಟಗಾರ್ತಿಯರನ್ನು ಆರಿಸುವವರ ಕಣ್ಣಿಗೆ ಬೀಳುವುದು ಕಷ್ಟ, ವಿದ್ಯಾರ್ಥಿವೇತನ ಸಿಗುವುದು ಕಷ್ಟ.

1998ರಲ್ಲಿ ಈ ವಿಷಯ ನ್ಯಾಯಾಲಯಕ್ಕೆ ಹೋಯಿತು. 2001ರ ಡಿಸೆಂಬರಿನಲ್ಲಿ ನ್ಯಾಯಾಲಯ ಪೋಷಕರ ಪರವಾಗಿ ತೀರ್ಪು ಕೊಟ್ಟಿತು. ಸಂವಿಧಾನದ ಸಮಾನತೆಯ ತತ್ವಕ್ಕೂ, ಶಿಕ್ಷಣದಲ್ಲಿ ಲಿಂಗಭೇದ ಕೂಡದೆಂಬ 1972ರ ಕಾಯ್ದೆಗೂ ಈ ವ್ಯವಸ್ಥೆ ವಿರುದ್ಧ ಎಂದಿತು. ಮೇಲ್ಮನವಿಗಳು ಮುಗಿದದ್ದು 2007ರಲ್ಲಿ, ಸುಪ್ರೀಂ ಕೋರ್ಟ್ ಮತ್ತೆ ಕೇಳಲು ಒಪ್ಪದಿದ್ದಾಗ. ಆ ಶಾಲಾ ವರ್ಷದಿಂದ ಹುಡುಗಿಯರ ಬಾಸ್ಕೆಟ್‌ಬಾಲ್ ಚಳಿಗಾಲಕ್ಕೆ ಬಂತು. ಒಂಬತ್ತು ವರ್ಷ ಹಿಡಿಯಿತು. 1998ರಲ್ಲಿ ಒಂಬತ್ತನೇ ತರಗತಿಗೆ ಸೇರಿದ್ದ ಹುಡುಗಿ 2002ಕ್ಕೇ ಶಾಲೆ ಮುಗಿಸಿ ಹೋಗಿದ್ದಳು. ದೊಡ್ಡವರು ತಡ ಮಾಡಿದರೆ ಮಕ್ಕಳ ಕಾಲ ನಮಗಾಗಿ ಕಾಯುವುದಿಲ್ಲ.

1972ರ ಆ ಕಾಯ್ದೆಗೆ ಮುಂಚೆ, 1971-72ರಲ್ಲಿ ಅಮೆರಿಕದ ಹೈಸ್ಕೂಲು ತಂಡಗಳಲ್ಲಿ ಆಡುತ್ತಿದ್ದ ಹುಡುಗಿಯರು ಸುಮಾರು 2 ಲಕ್ಷ 94 ಸಾವಿರ. 2018-19ರ ಹೊತ್ತಿಗೆ ಅವರ ಸಂಖ್ಯೆ 34 ಲಕ್ಷ. ಈ ನಡುವಿನ ಐದು ದಶಕಗಳಲ್ಲಿ ಹುಡುಗಿಯರ ಕೈಕಾಲುಗಳು ಬದಲಾಗಲಿಲ್ಲ. ಬದಲಾದದ್ದು ಅವರಿಗೆ ಸಿಕ್ಕ ಸಮಯ, ಮೈದಾನ ಮತ್ತು ತರಬೇತುದಾರರು.

ನಮ್ಮ ಹೆಣ್ಣು ಮಕ್ಕಳ ವಿಷಯದಲ್ಲಿ ಉಡುಪಿನ ಪ್ರಶ್ನೆಯನ್ನು ಮುಂದೆ ತರುವವರಿದ್ದಾರೆ. ಮೆಸಾಚುಸೆಟ್ಸ್ ರಾಜ್ಯದ ಬಿಲ್ಕೀಸ್ ಅಬ್ದುಲ್ ಖಾದಿರ್ ಎಂಬ ಹುಡುಗಿ ತಲೆಗೆ ಹಿಜಾಬ್, ಪೂರ್ತಿ ತೋಳು, ಪೂರ್ತಿ ಕಾಲು ಮುಚ್ಚುವ ಉಡುಪು ತೊಟ್ಟು ಹೈಸ್ಕೂಲು ಬಾಸ್ಕೆಟ್‌ಬಾಲ್ ಆಡಿದಳು. 2009ರಲ್ಲಿ ಶಾಲೆ ಮುಗಿಸುವಾಗ ಅವಳ ಅಂಕ 3,070. ಹುಡುಗರು ಹುಡುಗಿಯರು ಇಬ್ಬರನ್ನೂ ಸೇರಿಸಿ ಅದು ಆಗ ಆ ರಾಜ್ಯದ ದಾಖಲೆ. ಕಾಲೇಜಿನಲ್ಲೂ ಆಡಿದಳು. ಆದರೆ ಅಂತಾರಾಷ್ಟ್ರೀಯ ಬಾಸ್ಕೆಟ್‌ಬಾಲ್ ಸಂಸ್ಥೆಯ ನಿಯಮ ತಲೆವಸ್ತ್ರಕ್ಕೆ ಅವಕಾಶ ಕೊಡದ ಕಾರಣ ವಿದೇಶದಲ್ಲಿ ವೃತ್ತಿಪರಳಾಗಿ ಆಡುವ ದಾರಿ ಮುಚ್ಚಿತು. ಅವಳಂಥವರು ನಿರಂತರವಾಗಿ ಕೇಳಿಕೊಂಡ ಮೇಲೆ 2017ರಲ್ಲಿ ಆ ನಿಯಮ ಬದಲಾಯಿತು. ಫುಟ್‌ಬಾಲಿನ ಅಂತಾರಾಷ್ಟ್ರೀಯ ಸಂಸ್ಥೆ 2014ರಲ್ಲೇ ಒಪ್ಪಿಕೊಂಡಿತ್ತು. ಹೊರಗಿನವರು ತಮ್ಮ ನಿಯಮ ತಿದ್ದಿಕೊಂಡಿದ್ದಾರೆ. ಇನ್ನು ನಮ್ಮ ಶಾಲೆಯ ಕಾಂಪೌಂಡಿನ ಒಳಗೆ, ನಮ್ಮದೇ ಆಡಳಿತದಲ್ಲಿ, ಎಂಟನೇ ತರಗತಿಗೆ ಬಂದ ಹುಡುಗಿ ಆಟ ಬಿಟ್ಟು ಬಿಡುತ್ತಾಳೆಂದರೆ ಅದಕ್ಕೆ ಯಾರನ್ನು ದೂರೋಣ?

ಪ್ರವಾದಿ(ಸ)ಯವರು ಹಝ್ರತ್ ಆಯಿಶಾ(ರ) ಅವರೊಂದಿಗೆ ಓಟದ ಸ್ಪರ್ಧೆ ನಡೆಸಿದ ಪ್ರಸಂಗ ಹದೀಸ್ ಗ್ರಂಥಗಳಲ್ಲಿದೆ. ಮೊದಲ ಸಲ ಆಯಿಶಾ(ರ) ಗೆದ್ದರು, ಮತ್ತೊಂದು ಸಲ ಪ್ರವಾದಿ(ಸ)ಯವರು ಗೆದ್ದರು. ಈ ಪ್ರಸಂಗವನ್ನು ನಾವು ಭಾಷಣಗಳಲ್ಲಿ ಸಂತೋಷದಿಂದ ಹೇಳುತ್ತೇವೆ. ವೇಳಾಪಟ್ಟಿ ಬರೆಯುವಾಗಲೂ ಅದು ನೆನಪಿರಬೇಕು.

ಬಂಧುಗಳೇ, ಅಮೆರಿಕದ ಶಾಲೆಗಳಲ್ಲಿ ಎಲ್ಲವೂ ಸರಿಯಾಗಿದೆ ಎಂದು ನಾನು ಹೇಳುತ್ತಿಲ್ಲ. ಅಲ್ಲಿನ ಫುಟ್‌ಬಾಲಿನಲ್ಲಿ ತಲೆಗೆ ಬೀಳುವ ಏಟಿನ ಬಗ್ಗೆ ವೈದ್ಯರಿಗೆ ದೊಡ್ಡ ಚಿಂತೆಯಿದೆ. ಗೆಲುವಿನ ಹುಚ್ಚಿನಲ್ಲಿ ಓದನ್ನು ಮರೆಯುವ ಊರುಗಳೂ ಇವೆ. ಅವರಷ್ಟು ಹಣವೂ ನಮ್ಮಲ್ಲಿಲ್ಲ. ನಾವು ಅವರ ಆಟವನ್ನು ತರಬೇಕಾಗಿಲ್ಲ. ವಾಲಿಬಾಲ್ ನೆಟ್ಟು, ಖೋಖೋ ಕಂಬ, ಕಬಡ್ಡಿ ಅಂಕಣ ಹೆಚ್ಚು ಖರ್ಚಿನವಲ್ಲ. ಸಮಯವನ್ನು ಹಂಚುವುದಕ್ಕೆ ಖರ್ಚೇ ಇಲ್ಲ.

ನಮ್ಮ ದೇಶದಲ್ಲೇ ಮಾದರಿ ಬೇಕೆಂದರೆ ಹೈದರಾಬಾದಿನ ಸೈಯದ್ ಅಬ್ದುಲ್ ರಹೀಮ್ ಇದ್ದಾರೆ. 1951ರ ದಿಲ್ಲಿ ಮತ್ತು 1962ರ ಜಕಾರ್ತ ಏಷ್ಯನ್ ಕ್ರೀಡಾಕೂಟಗಳಲ್ಲಿ ಭಾರತ ಫುಟ್‌ಬಾಲ್ ಚಿನ್ನ ಗೆದ್ದದ್ದು ಅವರ ತರಬೇತಿಯಲ್ಲಿ. 1956ರ ಮೆಲ್ಬರ್ನ್ ಒಲಿಂಪಿಕ್ಸ್‌ನಲ್ಲಿ ನಾಲ್ಕನೇ ಸ್ಥಾನ ಬಂದದ್ದೂ ಅವರ ಕಾಲದಲ್ಲಿ. ವೃತ್ತಿಯಿಂದ ಅವರು ಶಾಲಾ ಮಾಸ್ಟರು. 2024ರಲ್ಲಿ ಬಂದ ‘ಮೈದಾನ್’ ಚಲನಚಿತ್ರವನ್ನು ನಿಮ್ಮಲ್ಲಿ ಕೆಲವರು ನೋಡಿರಬಹುದು. ಚಿತ್ರ ನೋಡಿ ಮೆಚ್ಚುವ ನಾವು ನಮ್ಮ ಶಾಲೆಯ ದೈಹಿಕ ಶಿಕ್ಷಕರನ್ನು ಗಂಟೆ ಬಾರಿಸಲು, ಸಮಾರಂಭದ ಕುರ್ಚಿ ಹಾಕಿಸಲು, ಗಲಾಟೆ ಮಾಡುವವರನ್ನು ಹದ್ದುಬಸ್ತಿನಲ್ಲಿಡಲು ಬಳಸಿಕೊಳ್ಳುತ್ತೇವೆ. ಅವರಿಗೂ ಒಬ್ಬ ಗಣಿತದ ಮೇಷ್ಟರಿಗೆ ಕೊಡುವ ಮರ್ಯಾದೆ ಕೊಡಬೇಕು.

ಹಾಗಾದರೆ ನಾವು ಮಾಡಬೇಕಾದದ್ದೇನು? ಸಂಘದ ಮುಂದೆ ಐದು ಸಲಹೆಗಳನ್ನಿಡುತ್ತೇನೆ.

ಒಂದನೆಯದಾಗಿ, ಆಟದ ಪೀರಿಯಡನ್ನು ಬೇರೆ ಪಾಠಕ್ಕೆ ಕೊಡುವುದಿಲ್ಲ ಎಂದು ಆಡಳಿತ ಮಂಡಳಿ ನಿರ್ಣಯ ಮಾಡಲಿ. 5ರಿಂದ 17 ವರ್ಷದ ಮಕ್ಕಳು ದಿನಕ್ಕೆ ಸರಾಸರಿ 60 ನಿಮಿಷ ಮೈದಣಿಯುವಷ್ಟು ಚಟುವಟಿಕೆ ಮಾಡಬೇಕೆಂದು ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ಹತ್ತನೇ ತರಗತಿಯ ಮಗುವಿಗೆ ಇದರಿಂದ ವಿನಾಯಿತಿ ಇಲ್ಲ.

ಎರಡನೆಯದಾಗಿ, ನಮ್ಮ ಹವೆಗೆ ತಕ್ಕಂತೆ ಮೂರು ಋತು ಮಾಡೋಣ. ಜೂನಿನಿಂದ ಮಳೆ ಜೋರಾಗಿರುವ ತಿಂಗಳುಗಳಲ್ಲಿ ಸಭಾಂಗಣದೊಳಗೆ ಆಡುವ ಶಟಲ್, ಟೇಬಲ್ ಟೆನಿಸ್, ಚೆಸ್, ಜೊತೆಗೆ ವ್ಯಾಯಾಮ. ಮಳೆ ಬಿಟ್ಟಾಗ ಮತ್ತು ಇಳಿದ ಮೇಲೆ ಕಬಡ್ಡಿ, ಖೋಖೋ, ವಾಲಿಬಾಲ್, ಓಟ, ಜಿಗಿತ. ಇಲಾಖೆಯ ತಾಲೂಕು, ಜಿಲ್ಲಾ ಕೂಟಗಳಿಗೆ ತಯಾರಿ. ಅದು ಮುಗಿದ ಮೇಲೆ ಪರೀಕ್ಷೆಯ ತನಕ ತರಗತಿ ತರಗತಿಗಳ ನಡುವಿನ ಪಂದ್ಯಗಳು. ಕೂಟಕ್ಕೆ ಹೋಗದ ಮಕ್ಕಳ ಹೆಸರೂ ಒಂದಲ್ಲ ಒಂದು ತಂಡದ ಪಟ್ಟಿಯಲ್ಲಿರಲಿ.

ಮೂರನೆಯದಾಗಿ, ಪ್ರತಿ ಆಟಕ್ಕೂ ಎರಡನೇ ತಂಡ ಇರಲಿ. ಎಂಟನೇ ತರಗತಿಯ ಹುಡುಗ ಹತ್ತನೆಯವರ ಚೆಂಡು ಹೆಕ್ಕುವ ಕೆಲಸಕ್ಕಷ್ಟೇ ಮೈದಾನಕ್ಕೆ ಬರುವಂತಾಗಬಾರದು. ಹಾಗೆಯೇ ಅಂಕ ಕಡಿಮೆ ಬಂದ ಆಟಗಾರನನ್ನು ತಂಡದಿಂದ ತೆಗೆದು ಕೈ ತೊಳೆದುಕೊಳ್ಳುವ ಮುಂಚೆ ಅವನಿಗೆ ಸಂಜೆಯ ಪಾಠದ ನೆರವು ಕೊಡೋಣ. ಎಷ್ಟೋ ಹುಡುಗರು ಶಾಲೆಗೆ ಬರುತ್ತಿರುವುದೇ ಆಟದ ಕಾರಣದಿಂದ. ಆ ದಾರವನ್ನೂ ಕಡಿದರೆ ಅವರು ಶಾಲೆಯನ್ನೇ ಬಿಡುತ್ತಾರೆ.

ನಾಲ್ಕನೆಯದಾಗಿ, ಹುಡುಗರಿಗೆ ವಾರಕ್ಕೆ ಎಷ್ಟು ಗಂಟೆ ಮೈದಾನವೋ ಹುಡುಗಿಯರಿಗೂ ಅಷ್ಟೇ ಗಂಟೆ. ಇದನ್ನು ಬರೆದು ಗೋಡೆಗೆ ಅಂಟಿಸಿ. ಶಿಕ್ಷಕಿಯೊಬ್ಬರು ಜೊತೆಗಿರಲಿ, ಮೈ ಮುಚ್ಚುವ ಸಡಿಲ ಉಡುಪು ಶಾಲೆಯೇ ಒದಗಿಸಲಿ, ಮನೆಗೆ ತಲುಪಿಸುವ ವಾಹನದ ಸಮಯ ಹೊಂದಿಸಲಿ. ತಾಯಂದಿರನ್ನು ಕರೆದು ಮಾತಾಡಿ. ಮಗಳು ಬಿಸಿಲಿಗೆ ಕಪ್ಪಾಗುತ್ತಾಳೆ ಎಂಬ ಮಾತಿಗೆ ಅವಳ ಮೂಳೆ, ರಕ್ತ, ಧೈರ್ಯದ ಲೆಕ್ಕವನ್ನು ಉತ್ತರವಾಗಿ ಕೊಡಿ.

ಐದನೆಯದಾಗಿ, ರಮಝಾನಿಗೆ ಮೊದಲೇ ಯೋಜನೆ ಮಾಡೋಣ. ಚಂದ್ರಮಾನದ ವರ್ಷ ಸುಮಾರು 354 ದಿನಗಳದ್ದು. ಹೀಗಾಗಿ ರಮಝಾನ್ ಪ್ರತಿ ವರ್ಷ ಸುಮಾರು 11 ದಿನ ಹಿಂದಕ್ಕೆ ಸರಿದು, 33 ವರ್ಷಗಳಿಗೊಮ್ಮೆ ಎಲ್ಲ ಋತುಗಳನ್ನೂ ಸುತ್ತಿ ಬರುತ್ತದೆ. 2024 ಮತ್ತು 2025ರಲ್ಲಿ ಅದು ಮಾರ್ಚಿನಲ್ಲಿ, ಪರೀಕ್ಷೆಯ ದಿನಗಳಲ್ಲಿ ಬಂತು. 2030ರಲ್ಲಿ ವರ್ಷದ ಮೊದಲಿಗೊಮ್ಮೆ, ಕೊನೆಗೊಮ್ಮೆ ಎರಡು ಸಲ ಶುರುವಾಗಲಿದೆ. ಆಮೇಲೆ ನವೆಂಬರ್, ಅಕ್ಟೋಬರ್ ಕಡೆಗೆ ಸರಿದು ಕ್ರೀಡಾಕೂಟಗಳ ಕಾಲಕ್ಕೇ ಬರುತ್ತದೆ. ಈಗ ಒಂದನೇ ತರಗತಿಯಲ್ಲಿರುವ ಮಕ್ಕಳು ಹೈಸ್ಕೂಲಿಗೆ ಬರುವ ಹೊತ್ತು ಅದು. ಬೆಳಿಗ್ಗೆ ಬೇಗ ಹಗುರ ಅಭ್ಯಾಸ ಮಾಡಿಸುವುದೋ, ಇಫ್ತಾರ್ ಆದ ಮೇಲೆ ತರಾವೀಹ್ ತಪ್ಪದಂತೆ ಮಾಡಿಸುವುದೋ, ಬಿಸಿಲಿನ ಹೊತ್ತಿನ ಓಟವನ್ನು ನಿಲ್ಲಿಸುವುದೋ, ಇವನ್ನು ವೈದ್ಯರನ್ನೂ ಉಲಮಾಗಳನ್ನೂ ಕೂರಿಸಿಕೊಂಡು ತೀರ್ಮಾನಿಸೋಣ. ಕೂಟದ ದಿನಾಂಕದ ಬಗ್ಗೆ ಇಲಾಖೆಗೆ ಮನವಿ ಕೊಡುವುದಿದ್ದರೆ ವರ್ಷದ ಮೊದಲೇ ಕೊಡೋಣ. ಹಿಂದಿನ ದಿನ ಹೋಗಿ ಗೋಗರೆಯುವುದು ಬೇಡ.

ಕೊನೆಯಲ್ಲಿ ವಿದ್ಯಾರ್ಥಿಗಳಿಗೆ ಒಂದು ಮಾತು. ಮಕ್ಕಳೇ, ನಿಮ್ಮಲ್ಲಿ ಹೆಚ್ಚಿನವರು ರಾಜ್ಯ ತಂಡಕ್ಕೆ ಹೋಗುವುದಿಲ್ಲ. ಅದಕ್ಕೆ ಬೇಸರಪಡಬೇಡಿ. ಸೋತ ದಿನ ಎದುರಾಳಿಯ ಕೈ ಕುಲುಕುವುದು, ತನಗಿಂತ ಚೆನ್ನಾಗಿ ಆಡುವವನಿಗೆ ಚೆಂಡು ಕೊಡುವುದು, ಬೇರೆ ಧರ್ಮದ, ಬೇರೆ ಭಾಷೆಯ ಗೆಳೆಯನ ಜೊತೆ ಒಂದೇ ಬಣ್ಣದ ಜೆರ್ಸಿ ತೊಡುವುದು, ಇವು ಪುಸ್ತಕದಿಂದ ಬರುವ ವಿದ್ಯೆಗಳಲ್ಲ. ನಾಳೆ ನೀವು ಅಂಗಡಿ ಇಟ್ಟರೂ, ಆಸ್ಪತ್ರೆಯಲ್ಲಿ ದುಡಿದರೂ, ಗಲ್ಫಿಗೆ ಹೋದರೂ ಇವು ಬೇಕಾಗುತ್ತವೆ. ಓದಿನ ಹೊತ್ತಿಗೆ ಓದಿ, ನಮಾಝಿನ ಹೊತ್ತಿಗೆ ನಮಾಝ್ ಮಾಡಿ, ಆಟದ ಹೊತ್ತಿಗೆ ಮೈ ಮರೆತು ಆಡಿ. ಆ ಹೊತ್ತನ್ನು ನಿಮಗೆ ಉಳಿಸಿಕೊಡುವ ಜವಾಬ್ದಾರಿ ನಮ್ಮದು, ದೊಡ್ಡವರದು.

ಮುಂದಿನ ವಾರ್ಷಿಕ ಸಭೆಯಲ್ಲಿ ಫಲಿತಾಂಶದ ಪಟ್ಟಿಯ ಜೊತೆಗೆ ಇನ್ನೊಂದು ಪಟ್ಟಿಯನ್ನೂ ಓದುವಂತಾಗಲಿ: ಶಾಲೆಯ ಒಟ್ಟು ಮಕ್ಕಳೆಷ್ಟು, ಅವರಲ್ಲಿ ಈ ವರ್ಷ ಒಂದು ತಂಡಕ್ಕಾದರೂ ಆಡಿದ ಹುಡುಗರೆಷ್ಟು, ಹುಡುಗಿಯರೆಷ್ಟು. ಪದಕ ಎಷ್ಟು ಬಂತು ಎಂಬುದನ್ನು ಆಮೇಲೆ ಕೇಳೋಣ.

ನಮ್ಮ ಮಕ್ಕಳಿಗೆ ಅಲ್ಲಾಹನು ಆರೋಗ್ಯ, ಶಿಸ್ತು ಮತ್ತು ಸೌಹಾರ್ದವನ್ನು ಕರುಣಿಸಲಿ, ಈ ಸಂಘದ ಪ್ರಯತ್ನಗಳಲ್ಲಿ ಬರಕತ್ ನೀಡಲಿ. ಆಮೀನ್.